ಮಹಾರಾಜರಿಗಿಂತ ನಾಲ್ಕು ಸೆಕೆಂಡು ಮುಂಚೆ

ತಪ್ಪು ಕಂಡರೆ ತಿದ್ದದೆ ಇರಲಾರೆ. ಇದನ್ನು ಕೆಲವರು ಗುಣ ಎನ್ನುತ್ತಾರೆ, ನನ್ನ ಹೆಂಡತಿ ಮಂಜುಳ ಕಾಯಿಲೆ ಎನ್ನುತ್ತಾಳೆ. ನಂಜನಗೂಡಿನ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಗಣಿತ ಹೇಳಿಕೊಡುತ್ತಿರುವ ನನಗೆ ಜೇಬಿನಲ್ಲಿ ಕೆಂಪು ಪೆನ್ನು ಇಲ್ಲದಿದ್ದರೆ ಅಂಗಿ ಹಾಕಿಕೊಂಡ ಹಾಗೇ ಅನ್ನಿಸುವುದಿಲ್ಲ. ಹೋಟೆಲಿನ ಬೋರ್ಡಿನಲ್ಲಿ ‘ಊಟ ತಿಂಡಿ ದೊರೆಯುತದೆ’ ಎಂದು ಬರೆದಿದ್ದರೆ ಒಳಗೆ ಕೂತ ಮೇಲೂ ದೋಸೆ ಗಂಟಲಲ್ಲಿ ಇಳಿಯುವುದಿಲ್ಲ. ಆ ‘ತ’ಕ್ಕೆ ಒಂದು ಒತ್ತು ಸಿಗುವವರೆಗೆ ಚಡಪಡಿಸುತ್ತೇನೆ. ಮದುವೆಗೆ ಕರೆಯಲು ಬಂದವರು ನಮ್ಮ ಮನೆಯಲ್ಲಿ ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಲಗ್ನಪತ್ರಿಕೆಯನ್ನು ತಿದ್ದಿ ಅವರ ಕೈಗೇ ವಾಪಸ್ಸು ಕೊಟ್ಟದ್ದುಂಟು. ಒಮ್ಮೆ ಅಭ್ಯಾಸಬಲದಿಂದ ಕೆಳಗೆ ಹತ್ತಕ್ಕೆ ಆರೂವರೆ ಎಂದು ಅಂಕವನ್ನೂ ಹಾಕಿಬಿಟ್ಟಿದ್ದೆ. ಆ ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಎಲೆಗೆ ಮಾತ್ರ ಹೋಳಿಗೆ ಬರಲಿಲ್ಲ. ಅದು ಬಡಿಸುವವನ ಮರೆವು ಎಂದು ನಾನು ಇವತ್ತಿಗೂ ವಾದಿಸುತ್ತೇನೆ.

ಇಂಥ ನನ್ನ ಕೈಗೆ ಒಂದು ಇಡೀ ನಾಟಕದ ಅಕ್ಷರಗಳನ್ನು ತಿದ್ದುವ ಕೆಲಸ ಬಂದರೆ ಹೇಗಿರಬೇಡ? ಅದೂ ನನ್ನ ಸ್ವಂತ ಮಾವನವರು ಮಹಾರಾಜರಾಗಿ ಮೆರೆದ ನಾಟಕ. ಕೆಲಸ ಇಷ್ಟೇ. ನಾಟಕದ ಹಳೆಯ ಡಿವಿಡಿ ಒಂದಿತ್ತು. ಅದರಲ್ಲಿ ಮಾತುಗಳು ಕೆಳಗಡೆ ಅಕ್ಷರದಲ್ಲಿ ಬರುತ್ತಿದ್ದವು, ಅದೇ ಸಬ್‌ಟೈಟಲ್ಲು. ಆದರೆ ಅಕ್ಷರಕ್ಕೂ ಮಾತಿಗೂ ತಾಳವೇ ಇರಲಿಲ್ಲ. ನಾಟಕವನ್ನೂ ಅಕ್ಷರಗಳನ್ನೂ ಡಿವಿಡಿಯಿಂದ ಹೊರಗೆ ತೆಗೆದು, ತಾಳ ಕೂಡಿಸಿ, ಪೆನ್‌ಡ್ರೈವಿಗೆ ಹಾಕಿ ಕೊಡಬೇಕಿತ್ತು. ‘ಇದೇನು ಮಹಾ, ಒಂದು ಭಾನುವಾರದ ಕೆಲಸ’ ಎಂದು ಹೇಳಿದವನು ನಾನೇ. ಹಾಗೆ ಹೇಳಿದ್ದಕ್ಕೆ ಸಾಕ್ಷಿಗಳು ಬಹಳ ಜನ ಇದ್ದಾರೆ, ಆದ್ದರಿಂದ ಈಗ ಇಲ್ಲವೆನ್ನುವ ಹಾಗಿಲ್ಲ.

ಮಾವನವರ ವಿಷಯ ಮೊದಲು ಹೇಳಬೇಕು. ಹೆಸರು ನಿಂಗೇಗೌಡರು. ಊರು ಟಿ. ನರಸೀಪುರ. ನಾಲೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ಸರ್ಕಾರಿ ಕೆಲಸದಲ್ಲಿದ್ದು ನಿವೃತ್ತರಾದವರು. ಆದರೆ ವರ್ಷಕ್ಕೆ ನಾಲ್ಕು ತಿಂಗಳು ಅವರು ಬೇರೆಯೇ ಮನುಷ್ಯ. ಆಗ ಅವರು ಪ್ರಚಂಡಸೇನ ಮಹಾರಾಜರು. ಊರಿನ ನಾಟಕದ ಮೇಷ್ಟ್ರೊಬ್ಬರು ಮಾವನವರ ಮೀಸೆ ಮತ್ತು ಗಂಟಲನ್ನು ನೋಡಿಯೇ ಆ ನಾಟಕ ಬರೆದಿದ್ದರಂತೆ. ಅದು ಎಲ್ಲೂ ಅಚ್ಚಾಗಲಿಲ್ಲ. ಇಡೀ ನಾಟಕ ಒಂದು ಉದ್ದ ನೋಟುಪುಸ್ತಕದಲ್ಲಿತ್ತು, ಆ ಪುಸ್ತಕ ಮೇಷ್ಟ್ರ ಕಾಲದ ನಂತರ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ನಾಲೆಯ ಏರಿಯ ಮೇಲೆ ನಡೆದು ಹೋಗುವಾಗಲೂ ಮಾವ ಮಾತು ಒಪ್ಪಿಸುತ್ತಿದ್ದರಂತೆ. ಕಳೆ ಕೀಳುವ ಹೆಂಗಸರು ‘ಮಾರಾಜ್ರು ನೀರು ಬುಡಾಕೆ ಬಂದ್ರು’ ಎನ್ನುತ್ತಿದ್ದರಂತೆ.

ಆ ನಾಟಕದಿಂದ ನನಗಾದ ಕಷ್ಟ ಅಷ್ಟಿಷ್ಟಲ್ಲ. ನಾಟಕದಲ್ಲಿ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ಮಾತು ಮರೆತವನಿಗೆ ಪಿಸುದನಿಯಲ್ಲಿ ಹೇಳಿಕೊಡುವುದಕ್ಕೆ ನಮ್ಮ ಕಡೆ ‘ಪ್ರಾಂಟು ಕೊಡೋದು’ ಎನ್ನುತ್ತಾರೆ. ನಾನು ಅಂಗಡಿಯಿಂದ ಕರಿಬೇವು ತರುವುದನ್ನು ಮರೆತರೆ ಸಾಕು, ಮಂಜುಳ ಶುರುಮಾಡುತ್ತಾಳೆ: “ನಮ್ಮಪ್ಪ ಮೂರು ಗಂಟೆ ನಾಟ್ಕನ ಒಂದಕ್ಷರ ತಪ್ಪದಂಗೆ ಆಡ್ತಿದ್ರು, ಪ್ರಾಂಟು ಇಲ್ದೆ. ನಿಮಗೆ ಮೂರು ಸಾಮಾನು ನೆನಪಿರಲ್ವಲ್ಲ ರೀ.” ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. ಕೊತ್ತಂಬರಿಗೊಮ್ಮೆ, ಗ್ಯಾಸಿನ ಬುಕಿಂಗಿಗೊಮ್ಮೆ, ಅವಳ ಹುಟ್ಟಿದ ದಿನಕ್ಕೆ ಪ್ರತಿವರ್ಷ. ಮಾವನವರನ್ನೇ ಒಮ್ಮೆ ಕೇಳಿದ್ದೆ, ‘ನಿಜವಾಗಿಯೂ ಪ್ರಾಂಟು ಇಲ್ಲದೆಯೇ ಆಡುತ್ತಿದ್ದಿರಾ’ ಎಂದು. ಅವರು ಮೀಸೆ ಸವರಿ ನಕ್ಕರು. ಅದನ್ನು ನಾನು ಜಂಬ ಎಂದುಕೊಂಡೆ.

ಸುಮಾರು ಹದಿನೈದು ವರ್ಷದ ಹಿಂದೆ, ಜಾನಪದ ಸಂಶೋಧನೆ ಮಾಡುತ್ತಿದ್ದ ಮೇಡಂ ಒಬ್ಬರು ಮೈಸೂರಿನಿಂದ ಬಂದು ಈ ನಾಟಕವನ್ನು ವಿಡಿಯೊ ಮಾಡಿಸಿದರು. ಜನರ ಗಲಾಟೆ ಬೀಳಬಾರದೆಂದು ಮೈಕನ್ನು ರಂಗದ ಪಕ್ಕದ ಪರದೆಗೆ ಕಟ್ಟಿಸಿದ್ದರಂತೆ. ಆಮೇಲೆ ಮಾತು ಎಲ್ಲರಿಗೂ ಅರ್ಥವಾಗಲೆಂದು ಕನ್ನಡದ ಅಕ್ಷರ ಹಾಕಿಸಿ ಒಂದು ಡಿವಿಡಿ ಕಳಿಸಿದರು. ಮನೆಯವರೆಲ್ಲ ಒಂದೆರಡು ಸಲ ನೋಡಿದರು. ಆಗ ಎಲ್ಲರ ಕಿವಿಯೂ ನೆಟ್ಟಗಿತ್ತು, ಅಕ್ಷರ ನೋಡುವ ಗರಜು ಯಾರಿಗಿತ್ತು? ಅಷ್ಟರಲ್ಲಿ ಡಿವಿಡಿ ಪ್ಲೇಯರಿನ ಬಾಯಿ ತೆರೆದದ್ದು ಮುಚ್ಚದೆ ಹೋಯಿತು. ಡಿವಿಡಿ ಶೋಕೇಸಿನಲ್ಲಿ ಮಾವನವರ ಹಿತ್ತಾಳೆ ಕಿರೀಟದ ಪಕ್ಕ ಕೂತಿತು.

ಈ ನಡುವೆ ಮಾವನವರ ಕಿವಿ ಪೂರ್ತಿ ಹೋಯಿತು. ಕಿವಿಯ ಮಿಷನ್ನು ತಂದುಕೊಟ್ಟೆವು; ‘ಕಿವೀಲಿ ಕಬ್ಬಿನ ಗಾಣ ಇಟ್ಟಂಗಾಯ್ತದೆ’ ಎಂದು ಅದನ್ನು ಡಬ್ಬಿಯಲ್ಲೇ ಇಟ್ಟರು. ಈಗ ಅವರ ಹತ್ತಿರ ಮಾತಾಡಬೇಕಾದವರು ಸ್ಲೇಟಿನಲ್ಲಿ ಬರೆದು ತೋರಿಸಬೇಕು. ಅವರ ಮಾತು ಮಾತ್ರ ಹಳೆಯ ರಂಗದ ಗಂಟಲಿನಲ್ಲೇ ಬರುತ್ತದೆ. ಹೋದ ಸಲ ನಾವು ನರಸೀಪುರಕ್ಕೆ ಹೋದಾಗ ನನ್ನನ್ನು ಕೂರಿಸಿಕೊಂಡು ಹೇಳಿದರು:

“ಮೇಷ್ಟ್ರೇ, ನನ್ ನಾಟ್ಕನ ಇನ್ನೊಂದ್ಸಲ ನೋಡ್ಬೇಕು. ಕಿವಿ ಓಯ್ತು, ಕಣ್ಣು ನೆಟ್ಟಗದೆ. ಅದ್ರಲ್ಲಿ ಕೆಳಗಡೆ ಅಕ್ಸರ ಬತ್ತದಲ್ಲ, ಅದನ್ನ ಓದ್ಕತೀನಿ. ನಮ್ ನಾಟ್ಕದೋರಲ್ಲಿ ಉಳ್ದಿರೋರು ನಾಕು ಜನ. ಅವ್ರನ್ನೂ ಕರೀತೀನಿ. ಇನ್ನು ಮೂರು ವಾರಕ್ಕೆ ಬರೋ ಭಾನ್ವಾರ, ಆಗ್ತದಾ?”

ಸ್ಲೇಟಿನಲ್ಲಿ ‘ಆಗುತ್ತದೆ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಡಿವಿಡಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ನಮ್ಮೂರಿನ ಕಪಿಲೆ ಸೀದಾ ನರಸೀಪುರಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ, ಅದಕ್ಕೆ ಬಸ್ಸು ಕಾಯುವ ತಾಪತ್ರಯವಿಲ್ಲ. ಎದುರು ದಿಕ್ಕಿಗೆ ಬರುವ ನಮಗೆ ಆ ಅನುಕೂಲವಿಲ್ಲದೆ, ಅವತ್ತು ಎರಡು ಗಂಟೆ ಸ್ಟ್ಯಾಂಡಿನಲ್ಲಿ ಕಾದು ಮನೆಗೆ ಬಂದೆವು.

ಶುರುವಿನಲ್ಲೇ ಒಂದು ವಿಷಯ ತಿಳಿಯಿತು. ಡಿವಿಡಿಯಲ್ಲಿ ಅಕ್ಷರಗಳು ಅಕ್ಷರಗಳಾಗಿ ಇರುವುದಿಲ್ಲ, ಚಿತ್ರಗಳಾಗಿ ಇರುತ್ತವೆ. ಚಿತ್ರವನ್ನು ಓದಿ ಅಕ್ಷರ ಮಾಡಿಕೊಡುವ ಒಂದು ಸಾಫ್ಟ್‌ವೇರು ಬೇಕು. ಅದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಅದಕ್ಕೆ ನಮ್ಮ ಎಂಟನೇ ತರಗತಿಯ ಕೊನೆ ಬೆಂಚಿನಷ್ಟು ಕನ್ನಡ ಬರುತ್ತಿತ್ತು. ‘ರ’ದ ಹೊಟ್ಟೆಯಲ್ಲಿ ಒಂದು ಧೂಳಿನ ಚುಕ್ಕೆ ಕಂಡರೂ ಅದನ್ನು ‘ಠ’ ಎಂದು ಓದುತ್ತಿತ್ತು. ಹೀಗಾಗಿ ಪ್ರಚಂಡಸೇನ ಮಹಾರಾಜರು ಉದ್ಯಾನವನದಲ್ಲಿ ಮಂಡಿಯೂರಿ, ಎದೆಯ ಮೇಲೆ ಕೈಯಿಟ್ಟು, ‘ಪ್ರಿಯ ಠಾಣಿ, ನಿನ್ನನ್ನು ಅಗಲಿ ಹೇಗಿರಲಿ’ ಎಂದು ಕೇಳತೊಡಗಿದರು. ‘ಠಣಠಂಗದಲ್ಲಿ ಠಕ್ತದ ಹೊಳೆ ಹರಿಸುವೆನು’ ಎಂದೂ ಗರ್ಜಿಸಿದರು. ಇದನ್ನೆಲ್ಲ ಒಂದೊಂದಾಗಿ ತಿದ್ದಿದೆ. ಸತ್ಯ ಹೇಳಬೇಕೆಂದರೆ ನನ್ನ ಜೀವನದಲ್ಲಿ ಅಷ್ಟು ಸುಖವಾದ ವಾರ ಇನ್ನೊಂದು ಇರಲಿಲ್ಲ. ಶಾಲೆಯಿಂದ ಬರುವುದು, ಕಾಫಿ ಕುಡಿಯುವುದು, ಠಾಣಿಯನ್ನು ರಾಣಿ ಮಾಡುವುದು. ಮಂಜುಳ ಕೂಡ ಬಂದು ನೋಡಿ, “ಪರವಾಗಿಲ್ಲ, ನಿಮ್ಮ ಕಾಯಿಲೆಯಿಂದ ಒಂದು ಉಪಯೋಗ ಆಯ್ತು” ಎಂದಳು.

ಅಕ್ಷರ ಸರಿಯಾಯಿತು, ಹೊತ್ತು ಮಾತ್ರ ಸರಿಯಾಗಲಿಲ್ಲ. ಅಕ್ಷರ ಮುಂದೆ, ಮಾತು ಹಿಂದೆ. ಮಾವನವರು ಸುಮ್ಮನೆ ಮೀಸೆ ತಿರುವುತ್ತಾ ನಿಂತಿದ್ದಾರೆ, ಕೆಳಗೆ ‘ಎಲವೋ ದುರುಳಾ, ನಿನ್ನ ರುಂಡವನ್ನು ಚೆಂಡಾಡುವೆನು’ ಎಂದು ಬಂದು ಹೋಗುತ್ತದೆ. ಆಮೇಲೆ ಅವರು ಬಾಯಿ ತೆರೆದು ‘ಚೆಂಡಾಡುವೆನೂ’ ಎಂದು ರಾಗ ಎಳೆಯುವ ಹೊತ್ತಿಗೆ ಕೆಳಗೆ ಶತ್ರುರಾಜನ ಮಾತು ಬಂದಿರುತ್ತದೆ. ಅಂದರೆ ನೋಡುವವರ ಕಣ್ಣಿಗೆ, ಮಹಾರಾಜರು ಕತ್ತಿ ಝಳಪಿಸುತ್ತ, ನೆಲ ಅದುರುವಂತೆ ಒದೆಯುತ್ತ, ‘ಕ್ಷಮಿಸು ಮಹಾಪ್ರಭು, ಗೊತ್ತಾಗಲಿಲ್ಲ’ ಎಂದು ಆರ್ಭಟಿಸುತ್ತಿದ್ದರು. ಇದನ್ನು ಹೀಗೇ ತೋರಿಸಿದರೆ ಮಾವನವರ ಮಾನ ಉಳಿಯುತ್ತದೆಯೇ?

ನಾನು ಧೃತಿಗೆಡಲಿಲ್ಲ. ಮೊದಲ ಮಾತಿಗೆ ನಾಲ್ಕು ಸೆಕೆಂಡು ವ್ಯತ್ಯಾಸವಿತ್ತು. ಎಲ್ಲ ಸಾಲುಗಳನ್ನೂ ಒಟ್ಟಿಗೆ ನಾಲ್ಕು ಸೆಕೆಂಡು ಹಿಂದಕ್ಕೆ ತಳ್ಳಿದೆ. ಮೊದಲ ಮಾತು ಸರಿಯಾಯಿತು, ಎರಡನೆಯದು ಕೆಟ್ಟಿತು. ಸರಿ, ವಿಡಿಯೊದ ವೇಗದಲ್ಲೇ ಏನೋ ದೋಷವಿದೆ, ಹೋಗ್ತಾ ಹೋಗ್ತಾ ವ್ಯತ್ಯಾಸ ಬೆಳೆಯುತ್ತಿದೆ ಎಂದು ಊಹಿಸಿ ತ್ರೈರಾಶಿ ಹಾಕಿದೆ. ನಾಟಕದ ಶುರುವಿನ ವ್ಯತ್ಯಾಸ ಇಷ್ಟು, ಕೊನೆಯದು ಇಷ್ಟು, ಆದ್ದರಿಂದ ನಡುವಿನದು ಇಷ್ಟು. ತ್ರೈರಾಶಿಗೆ ಬಗ್ಗದ ಲೆಕ್ಕವನ್ನು ನಾನು ಆವರೆಗೆ ಕಂಡಿರಲಿಲ್ಲ, ಇದು ಬಗ್ಗಲಿಲ್ಲ. ಒಂದು ಮಾತಿಗೆ ಮೂರು ಸೆಕೆಂಡು, ಮುಂದಿನದಕ್ಕೆ ಐದು, ಅದರ ಮುಂದಿನದಕ್ಕೆ ಎರಡು. ವಿಚಿತ್ರವೆಂದರೆ ಹಾಡು ಬಂದಾಗ ಮೂಲ ಡಿವಿಡಿಯ ಅಕ್ಷರ ಕರಾರುವಾಕ್ಕಾಗಿ ತುಟಿಯ ಜೊತೆಗೇ ಬರುತ್ತಿತ್ತು. ಹಾಡು ಮುಗಿದು ಮಾತು ಶುರುವಾದರೆ ಮತ್ತೆ ಅಕ್ಷರ ಮುಂದಕ್ಕೆ ಓಡುತ್ತಿತ್ತು. ಇದರ ಜೊತೆಗೆ ನಡುನಡುವೆ ತಲೆಬುಡವಿಲ್ಲದ ಸಾಲುಗಳು. ಯುದ್ಧದ ದೃಶ್ಯದಲ್ಲಿ ಮಹಾರಾಜರು ಒಬ್ಬರೇ ನಿಂತಿರುವಾಗ ‘ಕತ್ತಿ ಬಲಗೈಲಿ ಹಿಡ್ಕಳಿ’ ಎಂದು ಬರುತ್ತದೆ. ಇನ್ನೊಂದು ಕಡೆ, ‘ಅಯ್ಯೋ, ಹೇಳಿ ಬೇಗ’ ಎಂದು ಬರುತ್ತದೆ. ಬರೆದವರು ಯಾವುದೋ ದೂತನ ಮಾತನ್ನು ತಪ್ಪಿ ಇಲ್ಲಿಗೆ ಸೇರಿಸಿದ್ದಾರೆಂದು ನಾನು ತೀರ್ಮಾನಿಸಿದೆ, ಆ ಮೇಡಂಗೆ ಮನಸ್ಸಿನಲ್ಲೇ ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ.

ಆ ವಾರದ ಕೊನೆಯ ಭಾನುವಾರ ಮಧ್ಯಾಹ್ನ ಹೆಡ್‌ಫೋನು ಹಾಕಿಕೊಂಡು, ದನಿಯನ್ನು ಪೂರ್ತಿ ಏರಿಸಿ, ಆ ‘ಕತ್ತಿ ಬಲಗೈಲಿ’ ಇರುವ ಜಾಗಕ್ಕೆ ಹೋಗಿ ಕೂತೆ. ಹಾರ್ಮೋನಿಯಂ ನಿಂತಿತ್ತು. ಮಾವನವರು ಹೆಜ್ಜೆ ಹಾಕುತ್ತಿದ್ದರು. ಆಗ ಕಿವಿಯ ಹತ್ತಿರವೇ ಯಾರೋ ಪಿಸುಗುಟ್ಟಿದ ಹಾಗಾಯಿತು. ಹೆಂಗಸಿನ ದನಿ. “ಕತ್ತಿ ಬಲಗೈಲಿ ಇಡ್ಕಳಿ.” ಲ್ಯಾಪ್‌ಟಾಪಿನ ಪರದೆಯ ಮೇಲೆ ಮಾವನವರು ಥಟ್ಟನೆ ಕತ್ತಿಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದರು. ಮತ್ತೆ ಅದೇ ದನಿ, “ಎಲವೋ ದುರುಳಾ, ನಿನ್ನ ರುಂಡವನ್ನು…” ನಾಲ್ಕು ಸೆಕೆಂಡು ಕಳೆಯಿತು. ಮಹಾರಾಜರು ಗುಡುಗಿದರು: “ಎಲವೋ ದುರುಳಾ!”

ಆ ದನಿ ಯಾರದೆಂದು ತಿಳಿಯಲು ನನಗೆ ನಾಲ್ಕು ಸೆಕೆಂಡೂ ಬೇಕಾಗಲಿಲ್ಲ. ‘ಇನ್ನೊಂದು ಮುದ್ದೆ ಆಕ್ಲಾ ಅಳಿಯಂದ್ರೇ’ ಎಂದು ಇಷ್ಟು ವರ್ಷದಿಂದ ನನ್ನನ್ನು ಕೇಳುತ್ತ ಬಂದ ದನಿ ಅದು. ನನ್ನ ಅತ್ತೆ ಪುಟ್ಟತಾಯಮ್ಮನವರದು.

ಎಲ್ಲ ಅರ್ಥವಾಯಿತು. ಮೈಕು ಪಕ್ಕದ ಪರದೆಗೆ ಕಟ್ಟಿತ್ತು. ಪರದೆಯ ಹಿಂದೆ ಅತ್ತೆ ನಿಂತಿದ್ದರು. ಅಕ್ಷರ ಬರೆದವರಿಗೆ ಪುಸ್ತಕ ಸಿಕ್ಕಿರಲಿಲ್ಲ, ಕೇಳಿಯೇ ಬರೆದುಕೊಂಡಿದ್ದರು. ರಾಗ ಎಳೆದು ಗುಡುಗುವ ಮಹಾರಾಜರಿಗಿಂತ ಮೂಲ ರೆಕಾರ್ಡಿಂಗಿನಲ್ಲಿ ಮೈಕಿನ ಪಕ್ಕದ ಪಿಸುಮಾತು ಅವರಿಗೆ ಚೆನ್ನಾಗಿ ತಿಳಿದಿತ್ತು, ಅದು ಕೇಳಿದ ಹೊತ್ತಿಗೇ ಅಕ್ಷರ ಹಾಕಿದ್ದರು. ಹಾಡು ಮಾತ್ರ ಎಲ್ಲರಿಗೂ ಬಾಯಿಪಾಠ, ಅದಕ್ಕೆ ಪ್ರಾಂಟು ಬೇಕಿರಲಿಲ್ಲ. ಸಬ್‌ಟೈಟಲ್ಲು ತಾಳ ತಪ್ಪಿರಲೇ ಇಲ್ಲ. ತಾಳ ತಪ್ಪಿದ್ದವರು ಮಹಾರಾಜರು. ಉಳಿದ ಪಾತ್ರದವರ ಅಕ್ಷರವೂ ಮುಂದೆಯೇ ಓಡುತ್ತಿತ್ತು, ನಿಜ. ಆದರೆ ಅವರು ಯಾರೂ ನನ್ನ ಮಾವನವರಲ್ಲವಾದ್ದರಿಂದ ನಾನು ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಕೂಡಲೇ ಅತ್ತೆಗೆ ಫೋನು ಮಾಡಿದೆ.

“ಅತ್ತೆ, ಆ ಮೇಡಂ ವಿಡಿಯೊ ತೆಗೆದ ದಿನ ನಾಟಕದ ಹೊತ್ತಿನಲ್ಲಿ ನೀವು ಎಲ್ಲಿದ್ರಿ?”

“ನಾನಾ? ನಿಮ್ ಮಾವಂಗೆ ಗಂಟ್ಲಿಗೆ ಬಿಸಿ ಆಲು ತಕ್ಕಂಡೋಗಿದ್ದೆ.”

“ಕೊಟ್ಟು ವಾಪಸ್ಸು ಬಂದ್ರಾ?”

“ಲೋಟ ತರಬ್ಯಾಡ್ವಾ ಅಳಿಯಂದ್ರೇ? ಅದ್ಕೇ ನಿಂತ್ಕಂಡಿದ್ದೆ.”

“ಮೂರು ಗಂಟೆ ಹೊತ್ತು ನಿಂತಿದ್ರಾ?”

“ಆಲು ಬಿಸಿ ಜಾಸ್ತಿ ಇತ್ತು.”

ಮೈಕಿನಲ್ಲಿ ಅವರ ದನಿ ಸಿಕ್ಕಿರುವುದನ್ನು ಹೇಳಿದೆ. ಅವರು ದನಿ ತಗ್ಗಿಸಿ ಎಲ್ಲ ಹೇಳಿದರು. ಪುಸ್ತಕ ಹಿಡಿಯುವವನಿಗೆ ಅವತ್ತು ಗಂಟಲು ಕಟ್ಟಿ ದನಿಯೇ ಹೊರಡುತ್ತಿರಲಿಲ್ಲವಂತೆ. ನಾಲ್ಕು ತಿಂಗಳು ಕೊಟ್ಟಿಗೆಯಲ್ಲಿ ಎಮ್ಮೆಯ ಮುಂದೆ ಮಾವನವರು ಅಭ್ಯಾಸ ಮಾಡುವಾಗ ಪುಸ್ತಕ ಹಿಡಿದು ಕೂರುತ್ತಿದ್ದವರು ಅತ್ತೆ. ಏಳನೇ ಕ್ಲಾಸು ಓದಿದವರು, ಪುಸ್ತಕವೆಲ್ಲ ಬಾಯಿಗೆ ಬಂದಿತ್ತು. “ಯಾರ್ಗೂ ಯೋಳ್ಬ್ಯಾಡಿ ಕಣ್ರಪ್ಪ. ಎಂಗಸು ಪರದೆ ಇಂದೆ ನಿಂತ್ಕಂಡು ಪ್ರಾಂಟು ಕೊಟ್ಲು ಅಂದ್ರೆ ನಾಕು ಜನದ ಮುಂದೆ ಅವ್ರ ಮರ್ವಾದೆ ಏನಾದಾತು? ಮಂಜುಳಂಗಂತೂ ಮೊದ್ಲೇ ಬ್ಯಾಡ” ಎಂದರು.

ಮಂಜುಳಳಿಗಂತೂ ಬೇಡ! ಓದುಗರು ನನ್ನ ಸ್ಥಿತಿಯನ್ನು ಸ್ವಲ್ಪ ಯೋಚಿಸಬೇಕು. ಇಷ್ಟು ವರ್ಷದ ಕರಿಬೇವು, ಕೊತ್ತಂಬರಿ, ಗ್ಯಾಸು ಬುಕಿಂಗು ಎಲ್ಲಕ್ಕೂ ಒಂದೇ ಏಟಿನಲ್ಲಿ ಉತ್ತರ ಕೊಡುವ ಸಾಕ್ಷಿ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಹೆಡ್‌ಫೋನನ್ನು ಅವಳ ಕಿವಿಗೆ ಸಿಕ್ಕಿಸಿದರೆ ಸಾಕಿತ್ತು. ಅವಳು ಪಕ್ಕದ ಕೋಣೆಯಲ್ಲೇ ಕೂತು ಸೊಪ್ಪು ಸೋಸುತ್ತಿದ್ದಳು. ಬಾಯಿ ತುರಿಸಿತು. ಆದರೆ ಮಾವನವರು ನಾಲ್ಕು ಜನ ಗೆಳೆಯರನ್ನು ಕರೆದುಕೊಂಡು ಟಿವಿ ಮುಂದೆ ಕೂರುವುದು ಕಣ್ಣಿಗೆ ಬಂತು. ಅಷ್ಟು ಜನರ ಮುಂದೆ ಅಕ್ಷರ ಮುಂದೆ ಬಂದು, ಮಹಾರಾಜರು ಹಿಂದಿನಿಂದ ಬಾಯಿ ಬಿಟ್ಟರೆ ಗುಟ್ಟು ಉಳಿಯುವುದಿಲ್ಲ. ಆ ವಯಸ್ಸಿನಲ್ಲಿ ಅವರು ತಲೆ ತಗ್ಗಿಸುವುದನ್ನು ನನ್ನಿಂದ ನೋಡಲಾಗದು. ನನಗೆ ಅವರ ಮೇಲೆ ನಿಜವಾಗಿಯೂ ಪ್ರೀತಿಯಿದೆ. ಗುಟ್ಟನ್ನು ಕಾಪಾಡುವುದೇ ಸರಿ ಎಂದು ನಿರ್ಧರಿಸಿ, ನನ್ನ ದೊಡ್ಡತನಕ್ಕೆ ನಾನೇ ಬೆರಗಾದೆ.

ಉಳಿದ ಎರಡು ವಾರ ಒಂದೊಂದೇ ಸಾಲನ್ನು ಕೈಯಿಂದಲೇ ಹಿಂದಕ್ಕೆ ತಳ್ಳಿ ಮಾವನವರ ತುಟಿಗೆ ಅಂಟಿಸಿದೆ. ಸಾವಿರಕ್ಕೂ ಮೇಲ್ಪಟ್ಟ ಸಾಲುಗಳು. ‘ಕತ್ತಿ ಬಲಗೈಲಿ’ಯನ್ನೂ ‘ಅಯ್ಯೋ ಹೇಳಿ ಬೇಗ’ವನ್ನೂ ಒರೆಸಿ ಹಾಕಿದೆ. ಪ್ರತಿಸಲವೂ ಹಳೆಯ ಫೈಲಿನ ಮೇಲೆಯೇ ಹೊಸದನ್ನು ಉಳಿಸಿದೆ. ತಪ್ಪುಗಳನ್ನು ಜೋಪಾನ ಮಾಡಿ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ನಡುವೆ ಒಂದು ದಿನ ನಂಜನಗೂಡಿಗೆ ಬಂದಿದ್ದ ನನ್ನ ಭಾಮೈದ ಮಹೇಶನ ಕೈಗೆ ಡಿವಿಡಿಯನ್ನು ಕೊಟ್ಟು, “ಇದರ ಕೆಲಸ ಮುಗೀತು, ಇನ್ನು ಇದು ಯಾತಕ್ಕೂ ಬರಲ್ಲ” ಎಂದು ಖಚಿತವಾಗಿ ಹೇಳಿ ಕಳಿಸಿದೆ.

ಆ ಭಾನುವಾರ ಬೆಳಿಗ್ಗೆ ಒಂದು ಚಿಪ್ಪು ರಸಬಾಳೆ, ಒಂದು ಪೆನ್‌ಡ್ರೈವು ಹಿಡಿದು ನಾನೂ ಮಂಜುಳಳೂ ನರಸೀಪುರಕ್ಕೆ ಹೋದೆವು. ಮಾವನವರ ಮನೆ ತುಂಬಾ ಜನ. ನಾಟಕದ ನಾಲ್ವರು ಗೆಳೆಯರು ಬಿಳಿ ಪಂಚೆಯಲ್ಲಿ ಸಾಲಾಗಿ ಸೋಫಾದ ಮೇಲೆ ಕೂತಿದ್ದರು. ಅವರಲ್ಲಿ ಮಂತ್ರಿಯ ಪಾತ್ರದ ಶಿವಣ್ಣ, ಶತ್ರುರಾಜನ ಪಾತ್ರದ ಚಿಕ್ಕಣ್ಣ ಇವರಿಬ್ಬರೂ ನನಗೆ ಗೊತ್ತಿದ್ದವರು. ಮಾವನವರು ಮೀಸೆಗೆ ಎಣ್ಣೆ ಹಚ್ಚಿ ಎಲ್ಲರಿಗಿಂತ ಮುಂದೆ ಕುರ್ಚಿ ಹಾಕಿಸಿಕೊಂಡಿದ್ದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಾನು ಅವರಿಗೆ ಕಣ್ಣಿನಲ್ಲೇ ‘ಏನೂ ಭಯವಿಲ್ಲ’ ಎಂದು ಹೇಳಿದೆ.

ನಾಟಕ ಶುರುವಾಯಿತು. ಮಹಾರಾಜರು ಪ್ರವೇಶಿಸಿದರು. ತುಟಿ ತೆರೆಯಿತು, ಅಕ್ಷರ ಬಂತು. ತುಟಿ ಮುಚ್ಚಿತು, ಅಕ್ಷರ ಹೋಯಿತು. ಗೋಡೆ ಗಡಿಯಾರದ ಮುಳ್ಳು ಕೂಡ ಅಷ್ಟು ನಿಯತ್ತಾಗಿ ನಡೆಯುವುದಿಲ್ಲ. ಚಿಕ್ಕಣ್ಣ “ಎಂಗ್ ಕೂಡ್ಸಿದ್ದಾರ್ಲಾ ಮೇಷ್ಟ್ರು!” ಎಂದರು. ನಾನು ವಿನಯದಿಂದ ನೆಲ ನೋಡಿದೆ. ತಲೆ ಎತ್ತಿದಾಗ ಮಾವನವರ ಹುಬ್ಬು ಗಂಟಿಕ್ಕಿತ್ತು. ಅವರು ಕುರ್ಚಿಯಲ್ಲಿ ಮುಂದೆ ಬಾಗಿ ನೋಡಿದರು, ಹಿಂದೆ ಒರಗಿ ನೋಡಿದರು, ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಹಾಕಿಕೊಂಡು ನೋಡಿದರು. ಕೊನೆಗೆ ಕೈಯೆತ್ತಿ ನಿಲ್ಲಿಸಲು ಹೇಳಿದರು.

“ಮೇಷ್ಟ್ರೇ, ಇದು ಸರಿಯಾಗಿಲ್ವಲ್ಲ.”

ಸ್ಲೇಟು ತೆಗೆದುಕೊಂಡು, ‘ಎಲ್ಲ ಸರಿಯಾಗಿದೆ, ಒಂದೊಂದು ಸಾಲನ್ನೂ ತಾಳೆ ನೋಡಿದ್ದೇನೆ’ ಎಂದು ಬರೆದೆ.

“ನಿಮ್ ಲೆಕ್ಕ ಸರಿ ಇರಬೌದು. ಅಕ್ಸರ ತಡವಾಗಿ ಬತ್ತಾವೆ. ಅಕ್ಸರ ಮೊದ್ಲು ಬರ್ಬೇಕು, ಆಮೇಕೆ ನಾನು ಬಾಯಿ ಬುಡಬೇಕು. ಆ ಮೇಡಮ್ಮಾರು ಕಳ್ಸಿದ್ರಲ್ಲಿ ಅಂಗೇ ಇತ್ತು, ನಾನು ಆಗ್ಲೇ ನೋಡಿದ್ದೆ.”

‘ಅದು ತಪ್ಪಿತ್ತು, ತಿದ್ದಿದ್ದೇನೆ’ ಎಂದು ಅವಸರದಲ್ಲಿ ಬರೆದು ಹಿಡಿದೆ.

“ಎಂತದ್ ತಪ್ಪು? ಅವತ್ತು ಇವ್ಳಲ್ವಾ ನಂಗೆ ಪ್ರಾಂಟು ಕೊಟ್ಟಿದ್ದು?” ಎಂದರು ಮಾವ, ಆ ರಂಗದ ಗಂಟಲಿನಲ್ಲೇ, ಎದುರುಮನೆಗೂ ಕೇಳುವ ಹಾಗೆ. “ಇವ್ಳು ಮೊದ್ಲು ಯೋಳೋಳು, ಆಮೇಕೆ ನಾನು ಯೋಳ್ತಿದ್ದೆ.”

ಅತ್ತೆ ಬಾಗಿಲಿಂದಲೇ, “ಸುಮ್ಕಿರಿ ಅಂದ್ರೆ! ಜನ ಅವ್ರೆ!” ಎಂದು ಸೆರಗು ಬಾಯಿಗೆ ಹಿಡಿದು ಕೂಗಿದರು. ಆದರೆ ಕೇಳಬೇಕಾದವರಿಗೆ ಕಿವಿ ಇರಲಿಲ್ಲವಲ್ಲ. ನಾನು ಸೋಫಾದ ಕಡೆ ನೋಡಲು ಹೆದರಿದೆ. ಮೊದಲು ನಕ್ಕವರು ಮಂತ್ರಿ ಶಿವಣ್ಣ.

“ಇವನೊಬ್ನಿಗೇನಾ? ನಮ್ಗೆಲ್ಲಾ ಅವತ್ತು ಪುಟ್ತಾಯಕ್ಕನೇ ಅಲ್ವಾ ಯೋಳ್ಕೊಟ್ಟಿದ್ದು. ನಾನು ಮಂತ್ರಿ ಮಾತು ಬುಟ್ಟು ದೂತನ್ ಮಾತು ಯೋಳಾಕೋದ್ರೆ, ‘ಅದು ನಿಂದಲ್ಲ ಕಣ್ ಶಿವಣ್ಣ’ ಅಂತ ಗದರ್ಕಂಡ್ರು.”

“ನನ್ನ ‘ಕ್ಷಮಿಸು ಮಹಾಪ್ರಭು’ನೂ ಅವರದೇಯ” ಎಂದರು ಚಿಕ್ಕಣ್ಣ.

ಎಲ್ಲರಿಗೂ ಗೊತ್ತಿತ್ತು. ಹದಿನೈದು ವರ್ಷದಿಂದ ಇಡೀ ನಾಟಕದ ಮಂದಿಗೆ ಗೊತ್ತಿತ್ತು, ಅತ್ತೆಯ ಮುಖ ನೋಡಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಗೊತ್ತಿಲ್ಲದೆ ಕಾವಲು ಕಾದವನು ನಾನೊಬ್ಬ. ಎಲ್ಲರೂ ನಗುತ್ತಿರುವಾಗ ಮಾವನವರು ಮಾತ್ರ ನಗಲಿಲ್ಲ. ಸ್ಲೇಟನ್ನು ನನ್ನ ಕೈಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಮೊದಲ ಸಲ ಮೆಲ್ಲಗೆ ಮಾತಾಡಿದರು:

“ಈಗ ಇವ್ಳು ಏನು ಯೋಳುದ್ರೂ ನಂಗೆ ಕೇಳ್ಸಲ್ಲ ಮೇಷ್ಟ್ರೇ. ಬಾಯಿ ಆಡೋದು ಕಾಣ್ತದೆ, ಅಷ್ಟೇಯ. ಆ ಅಕ್ಸರ ನನ್ಗಿಂತ ಮುಂದಾಗಿ ಬಂದ್ರೆ, ಇವ್ಳು ಪರದೆ ಇಂದೆ ನಿಂತು ಯೋಳ್ದಂಗಾಯ್ತದೆ ಅನ್ಕಂಡಿದ್ದೆ. ಅದ್ಕೇ ಇನ್ನೊಂದ್ಸಲ ನೋಡ್ಬೇಕು ಅಂದಿದ್ದು.”

ಆ ಮನುಷ್ಯ ಕೇಳಿದ್ದು ಹೆಂಡತಿಯ ದನಿಯನ್ನು. ನಾನು ಎರಡು ವಾರ ಕೂತು, ಸಾಲು ಸಾಲಾಗಿ, ಅದನ್ನೇ ಹುಡುಕಿ ಅಳಿಸಿ ಹಾಕಿದ್ದೆ. ಬಾಗಿಲಲ್ಲಿ ಅತ್ತೆ ಇರಲಿಲ್ಲ. ಒಳಗೆ ಪಾತ್ರೆಯ ಸದ್ದು ಜೋರಾಗಿ ಕೇಳುತ್ತಿತ್ತು. ಮಂಜುಳ ಎದ್ದು ಅಡುಗೆಮನೆಗೆ ಹೋದಳು.

“ಭಾವ, ಹಳೇದು ಇದೆಯಲ್ಲ, ಅದನ್ನೇ ಹಾಕಿ” ಎಂದ ಮಹೇಶ. ಹಳೆಯದರ ಮೇಲೆ ಹೊಸದನ್ನು ಉಳಿಸಿದ್ದನ್ನು ನಾನು ಹೇಳಬೇಕಾಯಿತು. “ಹಾಗಾದ್ರೆ ಡಿವಿಡಿಯಿಂದ ಇನ್ನೊಂದು ಸಲ ತೆಗೆದ್ರಾಯ್ತು” ಎಂದವನೇ ಹಿತ್ತಲ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ. ಹಿತ್ತಲಿನ ಸೀಬೆ ಮರದಲ್ಲಿ, ಗಿಳಿಗಳನ್ನು ಹೆದರಿಸಲೆಂದು ದಾರ ಕಟ್ಟಿ ತೂಗುಬಿಟ್ಟಿದ್ದ ಡಿವಿಡಿ ಗಾಳಿಗೆ ತಿರುಗುತ್ತಿತ್ತು. ಯಾತಕ್ಕೂ ಬರುವುದಿಲ್ಲ ಎಂದು ಹೇಳಿ ಕಳಿಸಿದವನು ನಾನೇ. ಇಳಿಸಿ ನೋಡಿದರೆ ಕೊಂಬೆಗೆ ಉಜ್ಜಿ ಉಜ್ಜಿ ಬೂದಿ ಹಾಕಿ ತಿಕ್ಕಿದ ಪಾತ್ರೆಯ ತಳದಂತಾಗಿತ್ತು. ಲ್ಯಾಪ್‌ಟಾಪು ಅದನ್ನು ಒಳಗೆ ತೆಗೆದುಕೊಂಡು ಸ್ವಲ್ಪ ಹೊತ್ತು ಗುರ್ ಎಂದು ಹೊರಗೆ ಉಗುಳಿತು. ಆದರೂ ಧೈರ್ಯ ಬಿಡದೆ, ಮಾವನವರಿಂದ ಸ್ಲೇಟು ಇಸಿದುಕೊಂಡು ‘ಒಂದು ತಿಂಗಳು ಕೊಡಿ, ಮೊದಲಿನ ಹಾಗೇ ಮಾಡಿ ತರುತ್ತೇನೆ’ ಎಂದು ಬರೆದೆ. ಅವರು ಓದಿ, “ಆ ಕತ್ತಿ ಬಲಗೈಲಿ ಇಡ್ಕಳಿ ಅನ್ನೋದ್ನೂ ಆಕ್ರಿ, ಮರೀಬ್ಯಾಡಿ” ಎಂದರು.

ಊರಿಗೆ ಹಿಂತಿರುಗಿದ ಮೇಲೆ ಎರಡು ದಿನ ಮಂಜುಳ ಅಪ್ಪನ ನೆನಪಿನ ಶಕ್ತಿಯ ಮಾತೆತ್ತಲಿಲ್ಲ. ಇನ್ನು ನನಗೆ ಆ ಕಾಟ ತಪ್ಪಿತೆಂದು ಹಿಗ್ಗಿದೆ. ಮೂರನೆಯ ದಿನ ಹುಣಸೆಹಣ್ಣು ಮರೆತು ಬಂದೆ. “ನಮ್ಮವ್ವ ಪುಸ್ತಕವೇ ಇಲ್ದೆ ಅಷ್ಟು ಜನದ ಮಾತನ್ನೂ ಹೇಳ್ಕೊಟ್ಟಿದ್ರು. ನಿಮಗೆ ಒಂದು ಹುಣಸೆಹಣ್ಣು ನೆನಪಿರಲ್ವಲ್ಲ ರೀ” ಎಂದಳು. ಮೊದಲು ಒಬ್ಬರ ಪಾತ್ರಕ್ಕೆ ಹೋಲಿಸುತ್ತಿದ್ದಳು, ಈಗ ನಾಟಕದ ಹನ್ನೆರಡು ಪಾತ್ರಕ್ಕೂ.

ಕೆಲಸ ಮತ್ತೆ ಶುರುವಾಯಿತು. ಇನ್ನೊಂದು ಪ್ರತಿ ಕೇಳೋಣವೆಂದರೆ ಆ ಮೇಡಂ ಈಗ ಎಲ್ಲಿದ್ದಾರೋ ಯಾರಿಗೂ ತಿಳಿಯದು. ಡಿವಿಡಿಗೆ ಇಳಿದಿದ್ದ ದನಿಗೆ ಹೆಡ್‌ಫೋನಿನಲ್ಲಿ ಎಷ್ಟು ಕಿವಿಗೊಟ್ಟರೂ ಹಾರ್ಮೋನಿಯಂ, ತಬಲ, ಹೆಜ್ಜೆ ಸದ್ದಿನ ನಡುವೆ ಆ ಪಿಸುಮಾತು ಹತ್ತರಲ್ಲಿ ಮೂರು ಕಡೆ ಮಾತ್ರ ಸಿಗುತ್ತಿತ್ತು. ಬೇರೆ ದಾರಿ ಇಲ್ಲದೆ ಅತ್ತೆಯನ್ನೇ ನಂಜನಗೂಡಿಗೆ ಕರೆಸಿಕೊಂಡೆವು. ಅವರು ಕೆಳಗೆ ಚಾಪೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು, ನಾನು ಲ್ಯಾಪ್‌ಟಾಪಿನ ಮುಂದೆ. ಅವರು ಮಾತು ಹೇಳಿದ ಕ್ಷಣಕ್ಕೆ ಸರಿಯಾಗಿ ನಾನು ಒಂದು ಗುಂಡಿ ಒತ್ತಬೇಕು. ಆಗ ಅಕ್ಷರ ಆ ಹೊತ್ತಿಗೆ ಕೂರುತ್ತದೆ. ನಾಟಕ ಹಾಕಿದೆ. ಮಹಾರಾಜರು ಇನ್ನೂ ರಂಗಕ್ಕೆ ಬರುತ್ತಿದ್ದರು. ಅತ್ತೆ ತಲೆಯನ್ನೂ ಎತ್ತದೆ ಹೇಳತೊಡಗಿದರು. ಒಂದಕ್ಷರ ತಪ್ಪಲಿಲ್ಲ. ನಾನು ಸಾಲು ಹುಡುಕಿ, ನೋಡಿ, ಗುಂಡಿ ಒತ್ತುತ್ತಾ ಹೋದೆ.

ಹತ್ತು ನಿಮಿಷವಾದ ಮೇಲೆ ಅತ್ತೆ ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟು, “ತಡವಾಗಿ ಒತ್ತುತಾ ಇದ್ದೀರಿ ಅಳಿಯಂದ್ರೇ” ಎಂದರು.

“ಇಲ್ಲ ಅತ್ತೆ, ಸರಿಯಾಗೇ ಒತ್ತುತ್ತಿದ್ದೀನಿ. ಈ ವಿಷಯದಲ್ಲಿ ನನಗೆ ಅನುಭವ ಇದೆ.”

ನಾನು ನಂಬಿಕೆಯಿಂದಲೇ ಹಿಂದಕ್ಕೆ ಹೋಗಿ, ಪಿಸುಮಾತು ಕೇಳಿಸುವ ಒಂದು ಕಡೆ ಅಳೆದು ನೋಡಿದೆ. ಅತ್ತೆ ಹೇಳಿದ ಆರು ಸೆಕೆಂಡಿಗೆ ನನ್ನ ಬೆರಳು ಗುಂಡಿಯನ್ನು ಮುಟ್ಟಿತ್ತು. ಮತ್ತೊಂದು ಕಡೆ ನೋಡಿದೆ, ಏಳು. ಲೆಕ್ಕವನ್ನು ಅವರಿಗೆ ಹೇಳಲೇಬೇಕಾಯಿತು.

“ನಿಮ್ ಮಾವನೇ ವಾಸಿ ಕಣಪ್ಪ” ಎಂದರು ಅತ್ತೆ, ಮತ್ತೆ ಅವರೆಕಾಯಿ ಎತ್ತಿಕೊಂಡು. “ನಾಕಕ್ಕೇ ಇಡ್ಕಬುಡೋರು.”

ಈ ಸಲ ತಡವಾಗಬಾರದೆಂದು ಬೆನ್ನು ನೆಟ್ಟಗೆ ಮಾಡಿ, ಬೆರಳನ್ನು ಗುಂಡಿಯ ಮೇಲೆಯೇ ಇಟ್ಟು, ಉಸಿರು ಬಿಗಿಹಿಡಿದು ಕೂತೆ. ಅತ್ತೆ ಹೇಳಿದರು. ನಾನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಒತ್ತಿದೆ. ಒತ್ತಿದ ಮೇಲೆ ಪರದೆ ನೋಡಿದರೆ ಅಲ್ಲಿ ಆ ದೃಶ್ಯದ ಇನ್ನೂರು ಸಾಲುಗಳಿದ್ದವು, ಎಲ್ಲ ನಾನೇ ತಿದ್ದಿದ ಸಾಲುಗಳು. ಅತ್ತೆ ಹೇಳಿದ್ದು ಅದರಲ್ಲಿ ಯಾವುದೆಂಬುದು ತಲೆಯಿಂದ ಹಾರಿಹೋಗಿತ್ತು.

“ಅತ್ತೆ,” ಎಂದೆ ಪಿಸುದನಿಯಲ್ಲಿ, ಪಕ್ಕದ ಕೋಣೆಯಲ್ಲಿದ್ದ ಮಂಜುಳಳಿಗೆ ಕೇಳದ ಹಾಗೆ, “ಯಾವ ಮಾತು, ಇನ್ನೊಂದು ಸಲ ಹೇಳಿ.”